ಹತ್ತು ನಿಮಿಷದ ಯಂತ್ರ, ನಲವತ್ತೊಂದು ದಿನ

ಮಾನ್ಯ ಅಧ್ಯಕ್ಷರೇ, ಈಗಷ್ಟೇ ಹೊಸ ಕತ್ತರಿಯಿಂದ ರಿಬ್ಬನ್ ಕತ್ತರಿಸಿದ ಮುಖ್ಯ ಅತಿಥಿಗಳೇ, ಆಸ್ಪತ್ರೆಯ ಮೇಲಧಿಕಾರಿಗಳೇ, ಆಗಲೇ ತಿಂಡಿಯ ಮೇಜಿನತ್ತ ಕಣ್ಣು ಹಾಯಿಸುತ್ತಿರುವ ಸಭಿಕರೇ,

ವಂದನಾರ್ಪಣೆಯ ಭಾಗ್ಯ ಪ್ರಯೋಗಾಲಯದವಳಾದ ನನ್ನ ಪಾಲಿಗೆ ಬಂದಿದೆ. ರಕ್ತ ತೆಗೆಯುವವಳ ಕೈಗೆ ಮೈಕು ಕೊಟ್ಟಿದ್ದೀರಿ; ಸ್ವಲ್ಪ ಚುಚ್ಚಿದರೆ ಸಹಿಸಿಕೊಳ್ಳಿ.

ಮೊದಲು ಮೇಲಧಿಕಾರಿಗಳಿಗೆ ವಂದನೆ. ರೋಗಿಯ ಹಾಸಿಗೆಯ ಪಕ್ಕದಲ್ಲೇ ಒಂದು ಹನಿ ರಕ್ತ ಹಾಕಿದರೆ ಸಾಕು, ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಅನುಮಾನ ಉಂಟೋ ಇಲ್ಲವೋ ಎಂದು ಹತ್ತೇ ನಿಮಿಷದಲ್ಲಿ ಹೇಳುವ ಈ ಯಂತ್ರದ ಬಗ್ಗೆ ಅವರು ನಲವತ್ತು ನಿಮಿಷ ವಿವರಿಸಿದರು. ಅಷ್ಟರಲ್ಲಿ ನಾಲ್ವರ ಪರೀಕ್ಷೆ ಮುಗಿಯುತ್ತಿತ್ತು. ಇರಲಿ.

ಅತಿಥಿಗಳಿಗೂ ವಂದನೆ. ಯಂತ್ರ ಬಂದು ನಲವತ್ತೊಂದು ದಿನವಾಯಿತು. ಮೊದಲ ದಿನಾಂಕಕ್ಕೆ ತಮಗೆ ಪ್ರವಾಸ, ಎರಡನೆಯದಕ್ಕೆ ನೆಗಡಿ, ಮೂರನೆಯದಕ್ಕೆ ಫೋಟೋ ತೆಗೆಯುವವರೇ ಸಿಗಲಿಲ್ಲ. ಫೋಟೋ ಇಲ್ಲದೆ ಉದ್ಘಾಟನೆ ಆದೀತೇ? ಅಷ್ಟೂ ದಿನ ಯಂತ್ರ ಗಾಜಿನ ಬೀರುವಿನಲ್ಲಿ ರಿಬ್ಬನ್ ಕಟ್ಟಿಕೊಂಡು ಮದುವಣಗಿತ್ತಿಯಂತೆ ಕೂತಿತ್ತು. ರಕ್ತ ಮಾತ್ರ ಎಂದಿನಂತೆ ಮಧ್ಯಾಹ್ನದ ವ್ಯಾನು ಹತ್ತಿ ದೊಡ್ಡಾಸ್ಪತ್ರೆಗೆ ಹೋಗುತ್ತಿತ್ತು, ಉತ್ತರ ಮರುದಿನ ಬರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಿಮಗೆ ನೆನಪಾದರೆ ಅದು ನನ್ನ ತಪ್ಪಲ್ಲ.

ಇಪ್ಪತ್ತಾರನೆಯ ದಿನ ನಮ್ಮ ಅತ್ತಿಗೆ ಬಂದರು. ಹೊಲಿಗೆ ಕೆಲಸದವರು, ತಾಯಿಯಿಲ್ಲದ ನನ್ನನ್ನು ಬಟ್ಟೆ ಹೊಲಿದೇ ಓದಿಸಿದವರು. ಎಡಗಾಲಿನ ಮೀನಖಂಡ ಊದಿ ಕೆಂಪಾಗಿತ್ತು.

"ಕೂತು ಕೂತು ಹಿಡ್ಕೊಂಡಿದೆ ಅಷ್ಟೇ ಕಣೇ. ಒಂದು ಮುಲಾಮು ಕೊಡು, ಹೋಗ್ತೀನಿ" ಅಂದರು.

ನಾನು ಮೇಲಧಿಕಾರಿಗಳ ಕೋಣೆಗೆ ಓಡಿದೆ. "ಅತಿಥಿಗಳು ಬರೋಕೆ ಮುಂಚೆ ಮುಟ್ಟಿದ್ರೆ ಏನ್ ಚೆನ್ನಾಗಿರುತ್ತಮ್ಮ? ವ್ಯಾನಲ್ಲಿ ಕಳಿಸಿ" ಅಂದರು. ಎಂಥ ಶಿಸ್ತಿನ ಮಾತು. ಕಳಿಸಿದೆ. ಅನುಮಾನ ಉಂಟು, ಸ್ಕ್ಯಾನಿಂಗ್ ಮಾಡಿಸಬೇಕು ಎಂಬ ಉತ್ತರ ಮರುದಿನ ಹನ್ನೊಂದು ಗಂಟೆಗೆ ಬಂತು. ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅತ್ತಿಗೆ ಒಂಬತ್ತಕ್ಕೇ ತೀರಿಕೊಂಡಿದ್ದರು. ಹೆಪ್ಪು ಕಾಲು ಬಿಟ್ಟು ಶ್ವಾಸಕೋಶಕ್ಕೆ ಏರಿತ್ತು.

ಕ್ಷಮಿಸಿ, ಇದು ನಾನು ಬರೆದುಕೊಂಡು ಬಂದ ಹಾಳೆಯಲ್ಲಿ ಇಲ್ಲ. ಹಾಳೆಯಲ್ಲಿ ಹೂಗುಚ್ಛದವರಿಗೆ, ಕುರ್ಚಿಯವರಿಗೆ, ಮೈಕಿನವರಿಗೆ ವಂದನೆ ಇದೆ. ಅವರಿಗೆಲ್ಲ ವಂದನೆ.

ಇನ್ನೊಬ್ಬರು ಉಳಿದರು. ನಲವತ್ತೊಂದು ದಿನ ಯಂತ್ರದ ಮೇಲೆ ಬೆರಳ ಗುರುತೂ ಬೀಳದಂತೆ ಕಾಪಾಡಿದ ವಿಧೇಯ ನೌಕರಳಿಗೆ ಸಂಸ್ಥೆ ಋಣಿಯಾಗಿರಬೇಕು. ಬೀರುವಿನ ಬೀಗದ ಕೈ ಅವಳ ಜೇಬಿನಲ್ಲೇ ಇತ್ತು. ಅತ್ತಿಗೆ ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತಿದ್ದಾಗ ಅವಳು ಜೇಬಿಗೆ ಕೈಯನ್ನೂ ಹಾಕಿದ್ದಳು. ಮೇಲಿನವರು ಏನಂದುಕೊಂಡಾರೋ ಎಂದು ಹೆದರಿ ಬರಿಗೈ ಹೊರತೆಗೆದಳು. ಅವಳೇ ಈಗ ನಿಮ್ಮೆದುರು ನಿಂತು ಎಲ್ಲರಿಗೂ ವಂದಿಸುತ್ತಿದ್ದಾಳೆ.

ನಮಸ್ಕಾರ.