ತಮ್ಮನ ಬಿಲ್ಲೆ

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು. ಇದು ಕಟ್ಟುಕತೆ ಅಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ನಂಬದವರು ಈಗಲೇ ಎದ್ದು ಹೋಗಿ ಮಲಗಿ. ನಡುವೆ ಹಲ್ಲು ಕಿಸಿದರೆ ನಾನು ಸುಮ್ಮನಿರೋನಲ್ಲ.

ಎರಡು ವರ್ಷದ ಹಿಂದಿನ ಮಾತು. ಅವತ್ತು ಭಾನುವಾರ, ರಾತ್ರಿ ಒಂಬತ್ತು ದಾಟಿತ್ತು. ಅವನು, ಊರಿಗೆಲ್ಲ ಸುಣ್ಣದಣ್ಣ, ಮೈದಾನದಿಂದ ಒಬ್ಬನೇ ಮನೆಗೆ ಹೊರಟಿದ್ದ. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆಯೋನು, ಬೂಟು ಹೊಲಿಯೋನು, ಬೀಗ ಹಾಕೋನು, ಎಲ್ಲ ಅವನೇ. ದಾರಿಯಲ್ಲಿ ಹಳೇ ಬಾವಿ ಸಿಗುತ್ತೆ. ನೀರಿನ ಬಾವಿಯಲ್ಲ, ಗಣಿಗೆ ಇಳಿಯೋ ಬಾವಿ. ಗಣಿ ಮುಚ್ಚಿ ನಲವತ್ತು ವರ್ಷ ಆಯ್ತು, ಅದರ ಬಾಯಿಗೆ ದಪ್ಪ ಕಬ್ಬಿಣದ ತಗಡು ಬಡಿದಿದ್ದಾರೆ.

ಅದರ ಪಕ್ಕ ಬಂದಾಗ ಕೇಳಿಸ್ತು. ಧಪ್... ಧಪ್... ಧಪ್. ಚೆಂಡು ಗೋಡೆಗೆ ಬಡಿದು ವಾಪಸ್ ಬರೋ ಸದ್ದು. ಇಪ್ಪತ್ತು ವರ್ಷ ಅದನ್ನೇ ಕೇಳಿದ ಕಿವಿ, ತಪ್ಪೋದಿಲ್ಲ. ಆದರೆ ಸದ್ದು ಬರ್ತಿದ್ದದ್ದು ಕಾಲ ಕೆಳಗಿನಿಂದ.

"ಹೆಗ್ಗಣ ಇರಬೇಕು" ಅಂದುಕೊಂಡ. ಹೆಗ್ಗಣ ಚೆಂಡಾಡುತ್ತಾ? ಭಯ ಬಂದ ಕಡೆ ಬುದ್ಧಿ ನಿಲ್ಲಲ್ಲ ನೋಡಿ. ಬಿರಬಿರನೆ ಹೆಜ್ಜೆ ಹಾಕಿದ. ಅವನ ಜೇಬಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು.

ಆ ಬಿಲ್ಲೆ ವಿಷಯ ಹೇಳಬೇಕು, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯಲ್ಲ. ಕ್ಲಬ್ಬು ಕಟ್ಟಿದ್ದು ಗಣಿಯವರೇ. ಹಗಲು ಪಾಳಿಗೂ ರಾತ್ರಿ ಪಾಳಿಗೂ ಜಿದ್ದು, ಆ ಜಿದ್ದಿನಲ್ಲೇ ಆಟ ಶುರುವಾಯ್ತು. ಒಂದು ಸಲ ಕಪ್ಪೂ ಗೆದ್ದಿದ್ದರು, ಊರೆಲ್ಲ ಮೆರವಣಿಗೆ. ಗಣಿಗೆ ಇಳಿಯೋ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆಯನ್ನ ಬಾವಿ ಬಾಯಲ್ಲಿದ್ದ ಹಲಗೆಯ ಮೊಳೆಗೆ ತಗುಲಿಹಾಕಬೇಕು, ಮೇಲೆ ಬಂದಮೇಲೆ ತನ್ನ ಕೈಯಾರೆ ತೆಗೀಬೇಕು. ಮೊಳೆ ಮೇಲೆ ಬಿಲ್ಲೆ ಇದೆ ಅಂದ್ರೆ ಒಳಗೆ ಒಂದು ಜೀವ ಇದೆ ಅಂತ ಲೆಕ್ಕ.

ಒಂದು ರಾತ್ರಿ ಗಣಿಗೆ ನೀರು ನುಗ್ಗಿತು. ಓಡಿ ಬಂದವನೊಬ್ಬ ಗಾಬರಿಯಲ್ಲಿ ತನ್ನ ಬಿಲ್ಲೆ ಜೊತೆ ಗೆಳೆಯನದ್ದೂ ತೆಗೆದುಬಿಟ್ಟ. "ಹಿಂದೇನೇ ಬರ್ತಿದ್ದಾನೆ" ಅಂದನಂತೆ. ಮೇಲಿನವರು ಹಲಗೆ ನೋಡಿದರು, ಖಾಲಿ. ಎಲ್ಲರೂ ಬಂದರು ಅಂತ ಹುಡುಕಲೇ ಇಲ್ಲ... ಕೆಳಗೆ ಉಳಿದವನು ನಮ್ಮ ಕ್ಲಬ್ಬಿನ ಆಟಗಾರ, ಬಲಗಾಲಿನ ಹೊಡೆತಕ್ಕೆ ಹೆಸರಾದವನು. ಮದುವೆ ಗೊತ್ತಾಗಿತ್ತಂತೆ, ಪಾಪ.

ಗಣಿ ಹೋಯ್ತು, ಹಲಗೆ ಕ್ಲಬ್ಬಿಗೆ ಬಂತು. ಇವತ್ತಿಗೂ ಆಟಕ್ಕಿಳಿಯೋ ಮುಂಚೆ ಬಿಲ್ಲೆ ಹಾಕ್ತಾರೆ, ಆಟ ಮುಗಿದ ಮೇಲೆ ತೆಗೀತಾರೆ. ಇನ್ನೊಬ್ಬರ ಬಿಲ್ಲೆ ಯಾರೂ ಮುಟ್ಟೋ ಹಾಗಿಲ್ಲ. ಕೊನೆ ಬಿಲ್ಲೆ ಇಳಿಯೋತನಕ ಬಾಗಿಲಿಗೆ ಬೀಗವೂ ಇಲ್ಲ.

ಆ ಭಾನುವಾರ ಒಂದೇ ಒಂದು ಬಿಲ್ಲೆ ಉಳಿದಿತ್ತು. ಸುಣ್ಣದಣ್ಣನ ಸ್ವಂತ ತಮ್ಮನದು. ಇಪ್ಪತ್ತಾರರ ಹುಡುಗ, ಓಟ ನೋಡಿ ಊರವರು ಜಿಂಕೆ ಅಂತ ಕರೀತಿದ್ದರು. ಮರೆಗುಳಿ. ಸುಣ್ಣದಣ್ಣ ಎರಡು ಗಂಟೆ ಕಾದ. ಹೊಟ್ಟೆ ಚುರುಗುಟ್ಟುತ್ತಿತ್ತು. "ಕತ್ತೆ ಭಡವ, ಗೆಳೆಯರ ಜೊತೆ ಹೋಗಿರ್ತಾನೆ. ನನ್ನ ತಮ್ಮನದೇ ತಾನೆ" ಅಂತ ಬಿಲ್ಲೆ ತೆಗೆದು ಜೇಬಿಗೆ ಹಾಕಿ ಬೀಗ ಜಡಿದುಬಿಟ್ಟ.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಚಿಕ್ಕವನೆಲ್ಲೋ?"

"ಬಂದಿಲ್ವಾ?"

ಪಕ್ಕದ ಮನೆಯಲ್ಲಿ ಗೋಲ್‌ಕೀಪರ್. ಅವನನ್ನ ಎಬ್ಬಿಸಿದರೆ ಕಣ್ಣುಜ್ಜುತ್ತಾ ಹೇಳಿದ: "ಕೊನೇ ಚೆಂಡು ಹಳೇ ಬಾವಿ ಕಡೆ ಹೋಯ್ತಲ್ಲಣ್ಣ... ತರ್ತೀನಿ ಅಂತ ಹೋದ."

ಸುಣ್ಣದಣ್ಣ ಬಾವಿ ಕಡೆ ಓಡಿದ. ಅವನು ಓಡಿದ್ದು ಹೇಗೆ, ಚಪ್ಪಲಿ ಎಲ್ಲಿ ಬಿಟ್ಟ, ಇವತ್ತಿಗೂ ಅವನಿಗೆ ನೆನಪಿಲ್ಲ. ಬಾವಿ ಹತ್ತಿರ ತಗಡು ಹಾಗೇ ಇತ್ತು. ಒಂದು ಮೊಳೆಯೂ ಅಲುಗಿರಲಿಲ್ಲ. ಮಂಡಿಯೂರಿ ತಗಡಿಗೆ ಕಿವಿ ಕೊಟ್ಟ.

ಧಪ್... ಧಪ್... ಆಮೇಲೆ ನಿಂತಿತು. ಯಾರೋ ನೀರಲ್ಲಿ ಕಾಲೆಳೀತಾ ಬಂದರು. ಚಳಕ್... ಚಳಕ್... ತಗಡಿಗೆ ಆ ಕಡೆಯಿಂದ ಉಸಿರು.

"ಚಿಕ್ಕವನೇ..." ಅಂತ ಪಿಸುಗುಟ್ಟಿದ.

"ಹಲಗೆ ಖಾಲಿ ಇದೆಯಂತೆ" ಅಂತು ಒಳಗಿನ ದನಿ. ತಮ್ಮನ ದನಿ ಹೌದೋ ಅಲ್ಲವೋ... "ಯಾರೂ ಬರಲ್ಲವಂತೆ."

ಅಯ್ಯೋ ದೇವರೇ! ನನ್ನ ಕೈಯಾರೆ ಕೊಂದೆನಲ್ಲಾ ಅಂತ ಅಳುತ್ತಲೇ ಓಡಿ ಕ್ಲಬ್ಬಿನ ಬೀಗ ತೆಗೆದ. ಅವಸರಕ್ಕೆ ಬಿಲ್ಲೆ ಎರಡು ಸಲ ಕೆಳಗೆ ಬಿತ್ತು. ಠಣ್... ಠಣ್. ಮೂರನೇ ಸಲಕ್ಕೆ ಮೊಳೆಗೆ ಹಾಕಿದ. ಬಾಗಿಲು ಹಾರುಹೊಡೆದು ಬಿಟ್ಟು ಬೆಂಚಿನ ಮೇಲೆ ಕೂತ. ಒಬ್ಬ ವಾಪಸ್ ಬಂದರೆ ಸಾಕು, ಇನ್ನೇನೂ ಬೇಡ ಅಂತ ಬೇಡಿಕೊಂಡ. ಒಬ್ಬ ಅಂದ. ತಮ್ಮ ಅನ್ನಲಿಲ್ಲ. ಅವನೇ ನನಗೆ ಹೇಳಿದ್ದು.

ನಾಲ್ಕು ಗಂಟೆ ಹೊತ್ತಿಗೆ ಹೊರಗೆ ಬೂಟಿನ ಸದ್ದು. ಟಕ್... ಟಕ್... ಜಿಂಕೆ ಒಳಗೆ ಬಂದ. ಅದೇ ಮುಖ, ಅದೇ ಅಂಗಿ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಣ್ಣನ ಕಡೆ ನೋಡಲಿಲ್ಲ. ನೇರ ಹಲಗೆಗೆ ಹೋಗಿ ಬಿಲ್ಲೆ ತೆಗೆದ, ಅದನ್ನ ಬಹಳ ಹೊತ್ತು ಅಂಗೈಯಲ್ಲಿ ಒತ್ತಿ ಹಿಡಿದು ನಿಂತ.

"ಎಲ್ಲಿದ್ದೆಯೋ?"

"ಕೆಲಸ ತಡ ಆಯ್ತು."

ಅಷ್ಟೇ. ಮನೆಗೆ ಬಂದರು. ಅಮ್ಮ ತಬ್ಬಿಕೊಂಡು ಅತ್ತಳು, ಬೈದಳು, ತಲೆ ಒರೆಸಿದಳು. ಈಗಲೂ ಹುಡುಗ ಚೆನ್ನಾಗಿದ್ದಾನೆ. ಉಣ್ತಾನೆ, ನಗ್ತಾನೆ, ಭಾನುವಾರ ಆಡ್ತಾನೆ. ಬೇಕಾದ್ರೆ ನಾಳೆ ತೋರಿಸ್ತೀನಿ, ಬನ್ನಿ. ನಾನ್ಯಾಕೆ ಸುಳ್ಳು ಹೇಳಲಿ, ನನಗೇನು ಸಿಗುತ್ತೆ?

ಸುಣ್ಣದಣ್ಣ ಮಾತ್ರ ಇಳಿದುಹೋಗಿದ್ದಾನೆ. ಜಿಂಕೆ ಹುಟ್ಟಾ ಎಡಗಾಲಿನ ಆಟಗಾರ. ವರ್ಷಕ್ಕೆ ಮೂರು ಸಲ ಅವನ ಎಡಬೂಟಿಗೆ ಅಟ್ಟೆ ಹಾಕಬೇಕಿತ್ತು. ಹೋದ ತಿಂಗಳು ಬೂಟು ಹೊಲಿಯೋವಾಗ ಅಣ್ಣ ನನ್ನನ್ನ ಕರೆದು ಎರಡನ್ನೂ ಕೈಗೆ ಕೊಟ್ಟ. ಬಲಬೂಟು ಸವೆದು ತೂತಾಗಿತ್ತು... ಎಡದ್ದು ಎರಡು ವರ್ಷದಿಂದ ಹೊಸದರ ಹಾಗೇ ಇದೆ.