ಗಿರಿಜಕ್ಕ ಆಮೆನ್ ಹೇಳ್ಲಿಕ್ಕೆ ಬಿಡಲಿಲ್ಲ

ಅಲ್ಲ, ಪ್ರಾರ್ಥನೆಯಲ್ಲಿ ನಗು ಬಂದ್ರೆ ಪಾಪ ಅಂತ ನಿನಗೆ ಯಾರು ಹೇಳಿದ್ದು, ಸಂಡೇ ಸ್ಕೂಲ್ ಟೀಚರಾ? ಹಾಗಾದ್ರೆ ಆ ಟೀಚರಿಗೆ ಹೇಳು, ನಮ್ಮ ಅಜ್ಜಿ ದೇವಾಲಯದಲ್ಲಿ, ಚರ್ಚಿನ ಮುಂದಿನ ಬೆಂಚಿನಲ್ಲೇ ಕೂತು ಹೊಟ್ಟೆ ಹಿಡ್ಕೊಂಡು ನಕ್ಕಿದ್ದಾರೆ, ಅದೂ ಅಜ್ಜ ಸಮುದ್ರದಲ್ಲಿ ಕಾಣೆಯಾಗಿದ್ದ ದಿವಸ ಅಂತ. ಹ್ಞಾಂ, ಈಗ ಎಲ್ಲರೂ ಹತ್ತಿರ ಬಂದ್ರಿ ನೋಡಿ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಏ ಅನಿತಾ, ಆ ಚಾಪೆ ಸ್ವಲ್ಪ ಈಚೆ ಎಳಿ.

ನಾನು ಮದುವೆಯಾಗಿ ಕಾರ್ಕಳದಿಂದ ಕಾಪುವಿಗೆ ಬಂದು ಎಂಟು ತಿಂಗಳು ಆಗಿತ್ತು. ಎಂಟಲ್ಲ, ಒಂಬತ್ತು. ಎಪ್ಪತ್ತಾರೋ ಎಪ್ಪತ್ತೇಳೋ ಇಸವಿ ಇರಬೇಕು. ನಿಮ್ಮ ಅಜ್ಜನಿಗೆ ಬೋಟಿನ ಎಂಜಿನ್ ರಿಪೇರಿ ಕೆಲಸ. ಮೈಗೆಲ್ಲ ಡೀಸೆಲ್ ವಾಸನೆ, ತಲೆದಿಂಬಿಗೂ ಡೀಸೆಲ್ ವಾಸನೆ. ಆ ಶನಿವಾರ ಬೆಳಿಗ್ಗೆ ನೋಡ್ತೇನೆ, ನನ್ನ ತವರಿನಿಂದ ತಂದ ಹೊಸ ಅಲ್ಯುಮಿನಿಯಂ ಪಾತ್ರೆಯಲ್ಲಿ ಎಂತದೋ ಎಂಜಿನ್ನಿನ ಸಾಮಾನು ಸೀಮೆ ಎಣ್ಣೆಯಲ್ಲಿ ನೆನೆಹಾಕಿದ್ದಾರೆ! ಗಂಜಿ ಬೇಯಿಸುವ ಪಾತ್ರೆ ಮಾರಾಯ್ರೆ! ನನಗೆ ಪಿತ್ತ ನೆತ್ತಿಗೇರಿತು. "ಎಂಜಿನ್ ಜೊತೆಗೇ ಸಂಸಾರ ಮಾಡಿ, ಮನೆಗೆ ಬರಬೇಡಿ" ಅಂದೆ. ಹೇಳಿಬಿಟ್ಟೆ, ಬಾಯಿ ಅಲ್ವಾ. ಅವರು ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿ ಹೋದ್ರು. ಸಂಜೀವಣ್ಣನ ಬೋಟಿನ ಎಂಜಿನ್ ಕೆಮ್ಮುತ್ತಾ ಇತ್ತಂತೆ, ಸಮುದ್ರದಲ್ಲಿ ಒಂದು ಸುತ್ತು ಓಡಿಸಿ ನೋಡ್ಬೇಕಂತೆ. ಸಂಜೀವಣ್ಣ ಅಂದ್ರೆ ನಮ್ಮ ನೆರೆಮನೆಯ ಮೀನು ಹಿಡಿಯುವ ಮೊಗವೀರರು, ಮನೆಮನೆಗೆ ಮೀನು ತರುತ್ತಿದ್ದ ಗಿರಿಜಕ್ಕನ ಗಂಡ. ಇವರಿಬ್ಬರೇ ಹೋದದ್ದು. ಒಂದು ಗಂಟೆಯ ಕೆಲಸ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಗಾಳಿ ಅಂದ್ರೆ ಎಂತಹ ಗಾಳಿ! ದೀಪಸ್ತಂಭದ ಹತ್ತಿರ ನಿಂತ್ರೆ ಮುಖಕ್ಕೆ ಮರಳು ಸೂಜಿಯ ಹಾಗೆ ಚುಚ್ಚುತ್ತಿತ್ತು. ಸಂಜೆಯಾದ್ರೂ ಬೋಟಿಲ್ಲ. ಊರಿನವರು ದೋಣಿ ಇಳಿಸಿ ಹುಡುಕುವ ಅಂತ ಎರಡು ಸಲ ನೋಡಿದ್ರು, ತೆರೆ ಎರಡು ಸಲವೂ ಹಿಂದಕ್ಕೆ ಬಿಸಾಡಿತು. ಆಗ ಫೋನ್ ಎಲ್ಲಿ ಉಂಟು, ಯಾರನ್ನು ಕೇಳುವುದು? ಆ ಪಾತ್ರೆಯನ್ನು ಮೂರು ಸಲ ಬೂದಿ ಹಾಕಿ ತಿಕ್ಕಿದೆ ನಾನು. ಯಾಕೆ ಅಂತ ಕೇಳಬೇಡಿ.

ಮರುದಿನ ಆದಿತ್ಯವಾರ. ಗಾಳಿ ನಿಂತಿತ್ತು, ಆದ್ರೆ ಬೋಟಿನ ಸುದ್ದಿ ಇಲ್ಲ. ನಮ್ಮದು ಇಪ್ಪತ್ತು ಮನೆಗಳ ಸಣ್ಣ ಕ್ರೈಸ್ತ ಸಭೆ. ಅಯ್ಯನವರು, ಅಂದ್ರೆ ನಮ್ಮ ಪಾಸ್ಟರು, ಉಡುಪಿಯಿಂದ ಬಸ್ಸಿನಲ್ಲಿ ಬರಬೇಕು. ಬಸ್ಸೇ ಬರಲಿಲ್ಲ. ಕಟಪಾಡಿ ಹತ್ತಿರ ರಸ್ತೆಗೆ ಮರ ಬಿದ್ದಿದೆ ಅಂತ ಸೈಕಲ್ಲಿನಲ್ಲಿ ಬಂದ ಒಬ್ಬರು ಹೇಳಿ ಹೋದ್ರು. ಹಾಗಾದ್ರೆ ಆರಾಧನೆ ನಡೆಸುವುದು ಯಾರು? ನನ್ನ ಮಾವ. ಸಭೆಯ ಹಿರಿಯರು ಅವರು, ಬಹಳ ಶಿಸ್ತು, ನಗುವುದನ್ನು ನಾನು ಕಂಡದ್ದೇ ಇಲ್ಲ. ಕಾಣೆಯಾದದ್ದು ಅವರ ಒಬ್ಬನೇ ಮಗ. ಆದ್ರೂ ಇಸ್ತ್ರಿ ಹಾಕಿದ ಕೋಟು ಹಾಕಿ, ಪುಸ್ತಕ ಹಿಡ್ಕೊಂಡು, ನೆಟ್ಟಗೆ ನಿಂತ್ರು.

ಆಗ ಹಿಂದಿನ ಬಾಗಿಲಿನಿಂದ ಗಿರಿಜಕ್ಕ ಬಂದ್ರು. ಎಲ್ಲರೂ ತಿರುಗಿ ನೋಡಿದ್ರು, ಅವರು ಯಾವತ್ತೂ ಒಳಗೆ ಬಂದವರಲ್ಲ. ಸೀದಾ ಬಂದು ನನ್ನ ಪಕ್ಕದಲ್ಲಿ ಕೂತು, ತುಳುವಿನಲ್ಲಿ ಹೇಳಿದ್ರು, "ಮಾರಿಗುಡಿಯಲ್ಲಿ ಹೇಳಿ ಬಂದೆ ಲೀಲಾ, ನಾವು ನಂಬಿದ ಭೂತಕ್ಕೂ ಹೇಳಿಟ್ಟೆ. ಇಲ್ಲಿ ಒಂದು ಬಾಕಿ ಇತ್ತು. ನಿಮ್ಮ ದೇವರ ಹತ್ತಿರವೂ ಒಂದು ಮಾತು ಹೇಳಿಸುವ ಅಂತ ಬಂದೆ." ನಾನು ಅವರ ಕೈ ಹಿಡಿದೆ. ಮೀನಿನ ವಾಸನೆಯ ಒರಟು ಕೈ.

ಈಗ ಮಾವನ ಹಲ್ಲಿನ ವಿಷಯ ಹೇಳಬೇಕು. ಹೇಳದಿದ್ರೆ ನಿಮಗೆ ಅರ್ಥ ಆಗುವುದಿಲ್ಲ. ಆ ತಿಂಗಳೇ ಮಾವ ಮಣಿಪಾಲಕ್ಕೆ ಹೋಗಿ ಹಲ್ಲಿನ ಸೆಟ್ಟು ಮಾಡಿಸ್ಕೊಂಡು ಬಂದಿದ್ರು. ಸರಿಯಾಗಿ ಕೂರಬೇಕಾದ್ರೆ ಇನ್ನೂ ಎರಡು ಸಲ ಬನ್ನಿ ಅಂತ ಡಾಕ್ಟರು ಹೇಳಿದ್ರಂತೆ. ಮಾವ ಹೋಗಲಿಲ್ಲ, "ಅವರಿಗೇನು ಗೊತ್ತು" ಅಂದ್ರು. ಸರಿ. ಮಾವ ಕಣ್ಣು ಮುಚ್ಚಿದ್ರು, ನಾವೂ ಮುಚ್ಚಿದೆವು. "ಸರ್ವಶಕ್ತನೂ ಸೃಷ್ಟಿಕರ್ತನೂ ಸಮುದ್ರಗಳ ಸ್ವಾಮಿಯೂ..." ಅಂತ ಶುರು ಮಾಡಿದ್ರು ನೋಡಿ, ಒಂದೊಂದು 'ಸ'ಕ್ಕೂ ಆ ಹಲ್ಲಿನ ಸಂದಿನಿಂದ ಸ್ಯೂಂ ಅಂತ ವಿಸಿಲ್! ಸ್ಯೂಂ! ಬಸ್ಸಿನ ಕಂಡಕ್ಟರ್ ರೈಟ್ ಕೊಡ್ತಾರಲ್ಲ, ಹಾಗೆಯೇ. ನಾನು ತುಟಿ ಕಚ್ಚಿ ಹಿಡಿದೆ. "ಸಂಕಷ್ಟದ ಸಮಯದಲ್ಲಿ," ಸ್ಯೂಂ, ಸ್ಯೂಂ! ಪಕ್ಕದಲ್ಲಿ ಗಿರಿಜಕ್ಕ ಪಿಸುಪಿಸು ಕೇಳಿದ್ರು, "ಲೀಲಾ, ನಿಮ್ಮ ದೇವರನ್ನು ಹೀಗೆ ವಿಸಿಲ್ ಹಾಕಿ ಕರೆಯುವುದಾ?"

ಅಷ್ಟೇ. ನನ್ನ ಕೈಯಲ್ಲಿ ಆಗಲಿಲ್ಲ. ಮೂಗಿನಿಂದ ಪುಸಕ್ಕನೆ ಬಂತು ನಗು. ಅದುಮಿದೆ, ಇನ್ನೂ ಜೋರಾಗಿ ಬಂತು. ಗಂಡ ಕಾಣೆ, ಕಣ್ಣಲ್ಲಿ ನೀರು ಸುರಿತಾ ಉಂಟು, ಆದ್ರೂ ನಗು ನಿಲ್ಲುವುದೇ ಇಲ್ಲ! ಹಿಂದೆ ಯಾರೋ ಕಿಸಕ್ಕೆಂದ್ರು, ಆಮೇಲೆ ಇಡೀ ಹೆಂಗಸರ ಬೆಂಚು, ಆಮೇಲೆ ಗಂಡಸರ ಕಡೆಯೂ. ಮಾವ ಕಣ್ಣು ಬಿಟ್ಟು ಕೆಂಗಣ್ಣು ಮಾಡಿದ್ರು. ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ತೆಗೆದು ಕೋಟಿನ ಜೇಬಿಗೆ ಇಳಿಸಿದ್ರು. ಮತ್ತೆ ಕಣ್ಣು ಮುಚ್ಚಿ, "ಫರ್ವಫಕ್ತನೂ..." ಅಂದ್ರು. ಅಯ್ಯೋ ದೇವರೇ! ಬೆಂಚುಗಳೇ ಅಲ್ಲಾಡಿದವು. ಮತ್ತೆ ನೋಡಿದ್ರೆ ಮಾವನ ಭುಜವೂ ಅಲ್ಲಾಡ್ತಾ ಉಂಟು. ಮಾವನೂ ನಗ್ತಾ ಇದ್ದಾರೆ ಅಂತ ಎಣಿಸಿದೆ ನಾನು. ನಗುವೂ ಇತ್ತು. ಆಮೇಲೆ ಬರೀ ಅಳು. ಅಂತಹ ಮನುಷ್ಯ, ಎಲ್ಲರ ಎದುರು ಮೇಜಿಗೆ ಕೈ ಕೊಟ್ಟು ಅತ್ತರು. "ನನ್ನಿಂದಾಗುವುದಿಲ್ಲ. ಲೀಲಾ, ನೀನು ಬಂದು ಮಾಡು" ಅಂದ್ರು.

ನಮ್ಮ ಸಭೆಯಲ್ಲಿ ಅಲ್ಲಿಯವರೆಗೆ ಹೆಂಗಸು ಎದುರು ನಿಂತು ಪ್ರಾರ್ಥನೆ ಮಾಡಿದ್ದೇ ಇಲ್ಲ. ನಾನು ಹೋಗಿ ನಿಂತೆ. ಪುಸ್ತಕದ ಅಕ್ಷರ ಕಾಣುವುದಿಲ್ಲ. ದೇವಾಲಯದಲ್ಲಿ ಎಲ್ಲ ಕನ್ನಡದಲ್ಲೇ ಆಗಬೇಕು, ಪುಸ್ತಕದ ಕನ್ನಡ. ಅದರ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. ಕೊನೆಗೆ ಮನೆಯಲ್ಲಿ ಮಾತಾಡುವ ತುಳುವೇ ಬಂತು: "ದೇವೆರೇ, ಅಕ್ಲೆನ್ ಇಲ್ಲಡೆ ಕನಲೆ." ದೇವರೇ, ಅವರನ್ನು ಮನೆಗೆ ಕರ್ಕೊಂಡು ಬನ್ನಿ ಅಂತ, ಅಷ್ಟೇ. ಅಷ್ಟು ಹೇಳಿ ಆಮೆನ್ ಅನ್ನಲಿಕ್ಕೆ ಬಾಯಿ ತೆರೆದೆ. ಗಿರಿಜಕ್ಕ ಎದ್ದು ನಿಂತ್ರು. "ಏ ಏ, ನಿಲ್ಲು! ಆಮೆನ್ ಅಂದ್ರೆ ಮುಗೀತು ಅಂತ ಅಲ್ವಾ? ಮುಗಿಸಬೇಡ. ಯಾರನ್ನು ಅಂತ ನೀನು ಹೇಳಲೇ ಇಲ್ಲ. ನೀಲಿ ಬಣ್ಣದ ಬೋಟು ಅಂತ ಹೇಳು!"

"ದೇವರೇ, ನೀಲಿ ಬೋಟು" ಅಂದೆ.

"ಎಡಗಡೆ ಬಣ್ಣ ಕಿತ್ತು ಹೋಗಿದೆ ಅಂತ ಹೇಳು. ನಮ್ಮವರಿಗೆ ಮಂಡಿನೋವು, ತುಂಬಾ ಹೊತ್ತು ಈಜಲಿಕ್ಕೆ ಆಗುವುದಿಲ್ಲ ಅಂತ ಹೇಳು."

ಮೂಲೆಗೆ ಹೋಗಿ ಕೂತಿದ್ದ ಮಾವ ಹಲ್ಲಿಲ್ಲದ ಬಾಯಿಯಲ್ಲಿ, "ನಮ್ಮವನಿಗೆ ಈಜಲಿಕ್ಕೇ ಬರುವುದಿಲ್ಲ, ಅದನ್ನು ಮೊದಲು ಹೇಳು!" ಅಂದ್ರು. ಗಂಡಸರ ಕಡೆಯಿಂದ ಇನ್ನೊಬ್ಬರು, "ಗಾಳಿ ತೆಂಕು ದಿಕ್ಕಿನಿಂದ ಇತ್ತು, ಬಡಗು ಕಡೆ ಹುಡುಕಬೇಕು ಅಂತ ಹೇಳಮ್ಮ." ದೇವರಿಗೆ ದಿಕ್ಕು ತೋರಿಸುವುದು! ನಾನು ಎಲ್ಲ ಹೇಳಿದೆ. ನಗುತ್ತಾ, ಅಳುತ್ತಾ, ಯಾರು ಎಂತ ಹೇಳಿದ್ರೋ ಅದನ್ನೆಲ್ಲ ಹೇಳಿದೆ. ನಾನು ಸುಸ್ತಾದಾಗ ಇನ್ನೊಬ್ಬರು ಎದ್ದು ಮುಂದುವರಿಸಿದ್ರು. ಮಧ್ಯೆ ಹಾಡಿದೆವು, ಮತ್ತೆ ಹೇಳಿದೆವು. ಒಬ್ಬರು ಮನೆಗೆ ಓಡಿ ಒಂದು ಕೊಡ ಬೆಲ್ಲದ ಪಾನಕ ತಂದ್ರು. ಕುಡಿದು ಮತ್ತೆ ಪ್ರಾರ್ಥನೆ. ಆಮೆನ್ ಹತ್ತಿರ ಬಂತು ಅಂತ ಕಂಡರೆ ಸಾಕು, ಗಿರಿಜಕ್ಕ ಬೆರಳೆತ್ತುತ್ತಿದ್ರು. ಹನ್ನೆರಡು ಗಂಟೆ ಆಯ್ತು, ಒಬ್ಬರಾದ್ರೂ ಮನೆಗೆ ಹೋಗಲಿಲ್ಲ.

ಕೊನೆಗೆ ಪುನಃ ನನ್ನ ಸರದಿ. ಹೇಳಲಿಕ್ಕೆ ಇನ್ನು ಏನೂ ಉಳಿದಿರಲಿಲ್ಲ, ಒಂದು ಬಿಟ್ಟು. ಅದನ್ನು ಹೇಳದೆ ಎದೆ ಹಗುರ ಆಗುವುದಿಲ್ಲ ಅಂತ ಗೊತ್ತಾಯ್ತು. ಕಣ್ಣು ಗಟ್ಟಿ ಮುಚ್ಚಿ ಹೇಳಿದೆ, "ದೇವರೇ, ಮನೆಗೆ ಬರಬೇಡಿ ಅಂದದ್ದು ನಾನು. ಪಾತ್ರೆಗಾಗಿ ಅಂದದ್ದು. ಅವರೊಮ್ಮೆ ಬರಲಿ, ಇನ್ನು ಯಾವ ಪಾತ್ರೆಯಲ್ಲಿ ಬೇಕಾದ್ರೂ ಎಂಜಿನ್ ನೆನೆಹಾಕಲಿ, ನಾನು ಒಂದು ಮಾತೂ ಆಡುವುದಿಲ್ಲ."

"ಎಲ್ಲರೂ ಕೇಳಿದ್ರಲ್ಲ? ಅಯ್ಯನವರೇ, ನೀವೇ ಸಾಕ್ಷಿ!"

ಬಾಗಿಲ ಹತ್ತಿರದ ಸ್ವರ. ಕಣ್ಣು ಬಿಟ್ರೆ ನಿಮ್ಮ ಅಜ್ಜ! ಯಾರದೋ ಹೂವಿನ ಚಿತ್ರದ ಲುಂಗಿ, ಮೈಗೆ ಯಾರದೋ ದೊಗಳೆ ಅಂಗಿ. ಪಕ್ಕದಲ್ಲಿ ಕುಂಟುತ್ತಾ ಸಂಜೀವಣ್ಣ. ಹಿಂದೆ ಬ್ಯಾಗು ಹಿಡ್ಕೊಂಡ ಅಯ್ಯನವರು. ಎಂಜಿನ್ ಕೈಕೊಟ್ಟು, ಗಾಳಿಗೆ ಸಿಕ್ಕಿ ಬಡಗು ಕಡೆಗೇ ಹೋಗಿ, ಬೆಳಗಾಗುವಾಗ ಮಲ್ಪೆಯ ಹತ್ತಿರ ದಡಕ್ಕೆ ಬಿದ್ದಿದ್ರಂತೆ. ಅಲ್ಲಿಯವರು ಗಂಜಿ ಕೊಟ್ಟು, ಬಟ್ಟೆ ಕೊಟ್ಟು ಬಸ್ಸು ಹತ್ತಿಸಿದ್ರಂತೆ. ಅದೇ ಬಸ್ಸಿನಲ್ಲಿ ಅಯ್ಯನವರು! ಸಂಜೀವಣ್ಣನಿಗೆ ಕಾಲು ಉಳುಕಿತ್ತು, ನಡೆಯಲಿಕ್ಕಾಗದೆ ಮರ ಕಡಿಯುವವರೆಗೆ ಕಟಪಾಡಿಯಲ್ಲೇ ಬಾಕಿ. "ಈಗ ಆಯ್ತು, ಈಗ ಆಯ್ತು" ಅಂತ ಮೂರು ಗಂಟೆ. ನಾವಿಲ್ಲಿ ಬಾಯಿ ಒಣಗಿಸ್ಕೊಂಡು ದೇವರಿಗೆ ಗುರುತು ಹೇಳ್ತಾ ಇದ್ದದ್ದು, ಇವರು ಅಲ್ಲಿ ಬಸ್ಸಿನಲ್ಲಿ ಕೂತು ಕಡ್ಲೆ ತಿಂತಾ ಇದ್ದದ್ದು!

ಗಿರಿಜಕ್ಕ ಓಡಿಹೋಗಿ ಗಂಡನ ಬೆನ್ನಿಗೆ ಒಂದು ಗುದ್ದು ಹಾಕಿದ್ರು, ಆಮೇಲೆ ಅದೇ ಬೆನ್ನು ಸವರಿದ್ರು. ಮಾವ ಮಗನ ಕೆನ್ನೆ ಮುಟ್ಟಿ ನೋಡಿ, ಮುಖ ಆಚೆ ತಿರುಗಿಸಿದ್ರು. ನಾನು? ನಾನು ನಿಂತಲ್ಲಿಯೇ ಕುಸಿದು ಮತ್ತೆ ನಗಲಿಕ್ಕೆ ಶುರು. ಆ ಲುಂಗಿ ನೋಡಿ! ಗಿರಿಜಕ್ಕ ಅಲ್ಲಿಂದ ಕೂಗಿದ್ರು, "ಆಯ್ತು ಲೀಲಾ, ಈಗ ಹೇಳು ಆಮೆನ್!" ಇಡೀ ದೇವಾಲಯ ಹೇಳಿದ ಆಮೆನ್ ಮೀನು ಮಾರ್ಕೆಟಿಗೆ ಕೇಳಿರಬೇಕು.

ಬೋಟು ಹೋಯ್ತು, ಬಂಡೆಗೆ ಬಡಿದು ಎರಡು ತುಂಡು. ಸಂಜೀವಣ್ಣ ಎರಡು ವರ್ಷ ಬೇರೆಯವರ ಬೋಟಿನಲ್ಲಿ ದುಡಿದ್ರು. ನಿಮ್ಮ ಅಜ್ಜ ಬಿಡುವಾದಾಗಲೆಲ್ಲ ಹೋಗಿ ಅವರಿಗೆ ಕೈ ಸೇರಿಸಿ ಹಳೆಯ ಬೋಟೊಂದನ್ನು ರಿಪೇರಿ ಮಾಡಿಕೊಟ್ರು. ಕಷ್ಟದ ವರ್ಷಗಳೇ ಅವು, ಸುಳ್ಳು ಹೇಳುವುದಿಲ್ಲ. ಆದ್ರೆ ಒಂದು ಹೇಳ್ತೇನೆ ಮಕ್ಕಳೇ, ಹೆದರಿಕೆ ಅಂದ್ರೆ ಹಸಿ ಮೀನು ಇದ್ದ ಹಾಗೆ. ಒಬ್ಬರೇ ಮುಚ್ಚಿಟ್ರೆ ಮನೆಯೆಲ್ಲ ನಾರುತ್ತದೆ. ನಾಲ್ಕು ಮನೆಗೆ ಹಂಚಬೇಕು, ಅದೂ ಬೇಗ. ಏಳಿ ಈಗ, ಊಟಕ್ಕಾಯ್ತು.