ಎರಡು ಗಂಟೆಯ ಮಗ್ಗುಲು

ದೀಪ ಸ್ವಲ್ಪ ಸಣ್ಣದು ಮಾಡಿ. ಇದು ಜೋರಾಗಿ ಹೇಳುವ ವಿಷಯವಲ್ಲ. ಆದದ್ದು ನನ್ನ ಚಿಕ್ಕಮ್ಮನ ಮಗಳಿಗೆ. ಕೊನೆಯದು ಮಾತ್ರ ನನಗೇ.

ಅವಳು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವವಳು. ಕೆಲಸ ಬಿಡುವಾಗ ರಾತ್ರಿ ಹತ್ತೂವರೆ. ಮನೆಯ ತಿರುವಿನಲ್ಲಿ ಒಂದು ಹಾಳು ಬಾವಿ. ಬಾಯಿಗೆ ಕಬ್ಬಿಣದ ಜಾಲರಿ, ಅದಕ್ಕೆ ಬೀಗ. ಹಗ್ಗವಿಲ್ಲ, ರಾಟೆಯಿಲ್ಲ. ಆದರೂ ಆ ರಾತ್ರಿ ದಾಟುವಾಗ ಬೆನ್ನ ಹಿಂದೆ... ಕಿರ್... ಕಿರ್... ಯಾರೋ ತುಂಬಿದ ಕೊಡ ಎಳೆಯುವ ಹಾಗೆ, ಅವಸರವಿಲ್ಲದೆ. ತಿರುಗಿದಳು. ಯಾರೂ ಇಲ್ಲ. ನಡೆದಳು. ಹಿಂದೆ... ಪಚ್. ಪಚ್. ಒದ್ದೆ ಕಾಲಿನ ಹೆಜ್ಜೆ. ಓಡಿ ಮನೆ ಹೊಕ್ಕು ಚಿಲಕ ಹಾಕಿದಳು.

ಒಳಗೆ ಗಂಡ. ಗೋಡೆಗೆ ಬಣ್ಣ ಹೊಡೆಯುವವನು. ಏಣಿಯಿಂದ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲ. ಬೆನ್ನಲ್ಲಿ ಹುಣ್ಣು ಶುರುವಾಗಿತ್ತು. “ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ. ಹುಣ್ಣು ಮೂಳೆ ಮುಟ್ಟಿದರೆ ಆಮೇಲೆ ಉಳಿಸೋದು ಕಷ್ಟ” ಎಂದಿದ್ದರು ಡಾಕ್ಟರು. ಹಗಲು ನಾದಿನಿ ಬಂದುಹೋಗುತ್ತಿದ್ದಳು, ರಾತ್ರಿಯೆಲ್ಲ ಇವಳು. ಆರು ತಿಂಗಳಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆಯಿಲ್ಲ.

“ದೇವರ ಹತ್ತಿರ ಕೇಳಿಕೋ, ಪುಟ್ಟಿ. ಅವನು ದಯಾಮಯ” ಎಂದಿದ್ದೆ ನಾನು. ಉರಿದುಬಿದ್ದಳು.

“ನಿಮ್ಮ ದೇವರು ರಾತ್ರಿ ಎರಡು ಗಂಟೆಗೆ ಬಂದು ಇವರ ಮಗ್ಗುಲು ಬದಲಿಸ್ತಾನಾ ಅಕ್ಕ? ಹೇಳಿ, ಬಾಗಿಲು ತೆಗೆದಿಡ್ತೀನಿ!”

ನೊಂದವರ ಬೈಗುಳವೂ ಅವನಿಗೆ ಕೇಳಿಸುತ್ತದೆ.

ಬಾವಿಯ ಸದ್ದು ಕೇಳಿದ ಆ ರಾತ್ರಿ ಹನ್ನೆರಡಕ್ಕೆ ಗಂಡನನ್ನು ಬಾಗಿಲ ಕಡೆಗೆ ತಿರುಗಿಸಿ ಮಲಗಿಸಿ, ಗೋಡೆಗೆ ಒರಗಿದಳು. ಕಣ್ಣು ಬಿಟ್ಟಾಗ ನಾಲ್ಕು! ನೋಡಿದರೆ... ಅವನ ಮುಖ ಗೋಡೆಯ ಕಡೆಗಿದೆ.

“ರೀ... ಯಾರು ತಿರುಗಿಸಿದ್ದು?”

“ಇನ್ಯಾರು? ನೀನೇ. ಕೈ ಯಾಕೆ ಅಷ್ಟು ತಣ್ಣಗಿತ್ತು? ಕೆನ್ನೆಗೆ ತಾಗಿ ಜುಮ್ ಅಂತು. ಅಪರಾತ್ರಿಲಿ ಪಾತ್ರೆ ತೊಳೀತಿದ್ಯಾ?”

ಅವಳು ಎದ್ದು ಬಾಗಿಲ ಹತ್ತಿರ ಹೋಗಿ ನೋಡಿದಳು.

ನಾದಿನಿಯ ಮೇಲೆ ಅನುಮಾನಪಟ್ಟಳು. ಅವಳ ಹತ್ತಿರ ಒಂದು ಕೀ ಇತ್ತು. ಆದರೆ ಒಳಗಿನಿಂದ ಚಿಲಕ ಹಾಕಿತ್ತಲ್ಲ? ಮಾರನೆ ರಾತ್ರಿ ಚಿಲಕಕ್ಕೆ ಪುಸ್ತಕ ಹೊಲಿಯುವ ದಾರ ಸುತ್ತಿ, ತನ್ನ ಕಸುಬಿನ ಗಂಟು ಹಾಕಿದಳು. ಬೇರೆ ಯಾರೂ ಹಾಗೆ ಹಾಕಲಾರರು. ಬೆಳಗ್ಗೆ ಗಂಟು ಹಾಗೇ ಇತ್ತು. ಗಂಡನ ಮಗ್ಗುಲು ಬದಲಾಗಿತ್ತು. ಮಂಚದ ಪಕ್ಕ ನೆಲ ಒದ್ದೆ.

ನನ್ನ ಬಳಿ ಓಡಿಬಂದಳು. “ಬಾವಿಯಿಂದ ಬಂದದ್ದು ಒಳ್ಳೇದಕ್ಕೆ ಬರುತ್ತಾ ಅಕ್ಕ? ಇವರನ್ನ ಕರಕೊಂಡು ಹೋಗೋಕೇ ಬಂದಿದೆ. ನಾನು ಬಿಡಲ್ಲ.”

ಮೂರನೆಯ ರಾತ್ರಿ ದೀಪ ಆರಿಸಿ ಕೂತಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಾಗದ ಕತ್ತರಿಸುವ ಚಾಕು. ಎರಡು ಗಂಟೆ. ದೂರದಲ್ಲಿ ಕಿರ್... ಕಿರ್... ನಿಂತಿತು. ಆಮೇಲೆ ಕೋಣೆಯೊಳಗೇ... ತೊಟ್... ತೊಟ್... ಹಾಸಿಗೆಯ ಬಟ್ಟೆ ಸರ್ರೆಂದಿತು.

ಟಾರ್ಚಿನ ಗುಂಡಿಗೆ ಬೆರಳಿಟ್ಟಳು.

“ಹಾಕಬೇಡ ಕಣೇ” ಎಂದ ಗಂಡ, ಪಿಸುದನಿಯಲ್ಲಿ.

“ಯಾಕೆ?”

“ಇನ್ನೂ ಪೂರ್ತಿ ತಿರುಗಿಸಿಲ್ಲ.”

ಅವನ ದನಿಯಲ್ಲಿ ಭಯವಿರಲಿಲ್ಲವಂತೆ. ಬಿದ್ದ ದಿನದಿಂದ ಅಂಥ ದನಿ ಅವಳು ಕೇಳಿರಲಿಲ್ಲ. ಚಾಕು ಕೆಳಗಿಟ್ಟಳು. “ಅಪ್ಪಾ ದೇವರೇ... ನಿಧಾನ. ಬೆನ್ನಲ್ಲಿ ಹುಣ್ಣಿದೆ.” ಅಷ್ಟೇ ಅಂದದ್ದು. ಆರು ತಿಂಗಳಲ್ಲಿ ಅವಳ ಮೊದಲ ಪ್ರಾರ್ಥನೆ ಅದು.

ಎರಡು ತಿಂಗಳಲ್ಲಿ ಹುಣ್ಣು ಮಾಯಿತು. ಡ್ರೆಸ್ಸಿಂಗಿಗೆ ಬರುತ್ತಿದ್ದ ನರ್ಸಮ್ಮ, “ಮನೇಲಿ ಇಷ್ಟು ಚೆನ್ನಾಗಿ ನೋಡಿಕೊಂಡದ್ದು ನಾನು ಕಂಡಿಲ್ಲ” ಎಂದರು. ಇವಳು ನೆಲ ನೋಡಿದಳು.

ನಿಜ ಹೇಳುತ್ತೇನೆ, ಅನುಮಾನ ನನ್ನನ್ನೂ ಬಿಡಲಿಲ್ಲ. ದಿನವೂ ದೇವರ ಹೆಸರು ಹೇಳುವ ಬಾಯಿ ನನ್ನದು. ಆದರೂ ಬಾವಿಯ ದಾರಿ ಹಿಡಿದು ಬಂದದ್ದನ್ನು ಅವನೇ ಕಳಿಸಿದ ಎಂದು ಹೇಗೆ ನಂಬಲಿ? ನೋಡಿಯೇಬಿಡೋಣ ಎಂದು ಒಂದು ರಾತ್ರಿ ಅಲ್ಲೇ ಉಳಿದೆ. ಅವಳನ್ನು ಒಳಕೋಣೆಗೆ ಕಳಿಸಿ, ಮಂಚದ ಪಕ್ಕ ಬರೀ ಚಾಪೆಯ ಮೇಲೆ ಕೂತೆ. ಹೊದಿಕೆ ಬೇಡವೆಂದಿದ್ದೆ, ಚಳಿಗಾದರೂ ಎಚ್ಚರವಿರುತ್ತೇನೆ ಅಂತ.

ನಿದ್ದೆ ಬಂದುಬಿಟ್ಟಿತು.

ಬೆಳಗ್ಗೆ ನೋಡಿದರೆ, ಬಾಗಿಲ ಕಡೆಗಿದ್ದ ಅವಳ ಗಂಡನ ಮುಖ ಗೋಡೆಯ ಕಡೆಗಿತ್ತು. ನನ್ನ ಮೇಲೊಂದು ಕಂಬಳಿ. ಕುತ್ತಿಗೆವರೆಗೆ ಎಳೆದು, ಪಾದದ ಕೆಳಗೆ ಮಡಚಿ ಸಿಕ್ಕಿಸಿತ್ತು. ಮಗುವಿಗೆ ಹೊದಿಸುತ್ತಾರಲ್ಲ, ಹಾಗೆ.

ಅವಳು ಕಣ್ಣುಜ್ಜುತ್ತ ಹೊರಗೆ ಬಂದು ನೋಡಿದಳು. “ನಾನಲ್ಲ ಅಕ್ಕ.”

ನಗಬೇಡಿ. ಕಂಬಳಿಯ ಅಂಚು ಒದ್ದೆಯಾಗಿತ್ತು. ಈ ಕೈಯಿಂದಲೇ ಹಿಂಡಿದೆ. ನೀರು ಬಿತ್ತು.